ಐಸಿನಲ್ಲಿ ಅದ್ದಿದ ನೂಲು

ಉಜ್ವಲಾಳ ತುಟಿ ಕೆಂಪಗಿತ್ತು. ಹಲ್ಲಿನ ಸಂದಿಯಲ್ಲೂ ಕೆಂಪು.

“ಏನ್ ತಿಂದಿ? ಐಸ್ ತಿಂದೇನು? ಬಾಯಿ ತಗಿ!” ಪ್ರತಿಮಾ ಮಗಳ ಗಲ್ಲ ಹಿಡಿದಳು. ಐದು ವರ್ಷದ ಹುಡುಗಿ ಅವ್ವನ ದನಿಗೇ ಬೆದರಿ ತುಟಿ ಬಿಗಿದುಕೊಂಡಳು.

ಅಡುಗೆಕಟ್ಟೆಯ ಕೆಳಗೆ ಕೂಡಿಸಿದ ಹೊಸ ಐಸ್ ಮಷೀನಿನ ಬಾಗಿಲು ಅರ್ಧ ತೆರೆದಿತ್ತು. ಮೇಲಿನ ಐಸು ಗಾಜಿನಂತೆ ತಿಳಿ. ಕೈ ಹಾಕಿ ಸರಿಸಿದರೆ ತಳದಲ್ಲಿ ಕೆಂಪು ನೀರು ನಿಂತಿತ್ತು.

ನಿನ್ನೆ ಪೈಪು ಜೋಡಿಸಿದ್ದ ಪ್ಲಂಬರ್ ದುರಗೇಶ, ಎಲ್ಲಾದರೂ ಸೋರುತ್ತದೆಯೇ ನೋಡಲು ಆಗಷ್ಟೇ ಬಂದಿದ್ದ. ಮೊಣಕಾಲೂರಿ ಬಗ್ಗಿ ನೋಡಿದವನ ಮುಖ ಬಿಳಿಚಿತು.

“ಅಕ್ಕಾರ, ಒಳಗ ಬರೂ ನೀರಿನ ಪೈಪು ಬರೋಬ್ಬರಿ ಐತ್ರಿ. ಕರಗಿದ ನೀರು ಹೊರಗ ಹೋಗೂದು… ಗ್ವಾಡಿಯಾಗಿನ ಆ ಹಳೇ ಪೈಪಿಗಿ ಕೂಡಿಸೀನ್ರಿ. ನೀವ ತೋರಿಸಿದ್ರಿ.”

ಹೌದು, ತಾನೇ ತೋರಿಸಿದ್ದಳು. ಹೊಸ ಟೈಲ್ಸ್ ಒಡೆಯುವುದು ಬೇಡವೆಂದು. ಗೋಡೆಯ ಆಚೆ ಬಣ್ಣದ ಕೋಣೆ. ಸೀರೆಯ ನೂಲಿಗೆ ಬಣ್ಣ ಹಾಕುವ ಪಾಂಡಪ್ಪ ಈಗೊಂದು ತಾಸಿನ ಹಿಂದೆ ತೊಟ್ಟಿ ಖಾಲಿ ಮಾಡಿದ್ದ. ಆ ನೀರೂ ಅದೇ ಪೈಪಿಗೆ ಬೀಳುತ್ತದೆ. ಪೈಪು ಮುಂದೆ ಎಲ್ಲೋ ಕಟ್ಟಿಕೊಂಡು, ಬಣ್ಣದ ನೀರು ಹಿಂದಕ್ಕೆ ಉಕ್ಕಿ ಐಸಿನೊಳಗೆ ಬಂದಿತ್ತು.

ಆ ಬಣ್ಣ ಕಲಸುವಾಗ ಪಾಂಡಪ್ಪ ಮೂಗಿಗೆ ಅರಿವೆ ಕಟ್ಟಿಕೊಳ್ಳುತ್ತಿದ್ದುದು ನೆನಪಾಗಿ ಪ್ರತಿಮಾ ಮಗಳ ಕೈ ಹಿಡಿದು ಎದ್ದಳು.

“ಗಾಡಿ ತಗಿ ದುರಗೇಶ. ದವಾಖಾನಿಗಿ ಹೋಗೂಣು.”

ಅವನು ಹೊರಗೆ ಓಡಿದ. ಅಷ್ಟರಲ್ಲಿ ಅತ್ತೆ ಅನಸವ್ವ ಮಗ್ಗದ ಕೋಣೆಯಿಂದ ಎರಡು ಬಿಳಿ ನೂಲಿನ ಎಳೆ ಹರಿದು ತಂದಿದ್ದಳು. ಒಂದನ್ನು ಮಷೀನಿನ ತಳದ ನೀರಿಗೆ ಅದ್ದಿದಳು. ಇನ್ನೊಂದರಿಂದ ಮೊಮ್ಮಗಳ ತುಟಿ, ನಾಲಿಗೆ ಒರೆಸಿದಳು. ಎರಡೂ ಕೆಂಪಾದವು.

“ಏನ್ ಮಾಡಾಕತ್ತೀರಿ ಅತ್ತಿ, ಕೂಸಿಗಿ ಹೊತ್ತಾಗತೈತ್ರಿ!”

“ನೂಲಿನ ಬಣ್ಣ ನೂಲು ಬಿಡೂದಿಲ್ಲ. ತಿನ್ನೂ ಬಣ್ಣ ಆದ್ರ ತೊಳದ್ರ ಹೋಗತೈತಿ. ಅಂವ ಗಾಡಿ ಚಾಲೂ ಮಾಡೂತನಾ ತಡಿ.”

ಅನಸವ್ವ ನಳದ ಕೆಳಗೆ ಮೊದಲ ಎಳೆಯನ್ನು ಉಜ್ಜಿದಳು. ಹಿಂಡಿದಳು, ಮತ್ತೆ ಉಜ್ಜಿದಳು. ಕೆಂಪು ಕದಲಲಿಲ್ಲ.

ಮೊಮ್ಮಗಳ ತುಟಿ ಒರೆಸಿದ ಎರಡನೆಯದನ್ನು ಹಿಡಿದಳು. ಪ್ರತಿಮಾ ನಳದತ್ತ ಬಗ್ಗಿದಳು. ನೀರು ಕೆಂಪಾಗಿ ಇಳಿಯಿತು, ಆಮೇಲೆ ತೆಳುವಾಗಿ, ಆಮೇಲೆ ಬರೀ ನೀರು. ಅತ್ತೆಯ ಬೆರಳುಗಳ ನಡುವೆ ಎಳೆ ಬೆಳ್ಳಗಿತ್ತು.

“ಬಣ್ಣದ ಐಸ್ ಗೋಲಾ ತಿಂದೀಯಲ್ಲ ಬೇ, ಕಳ್ಳಿ?” ಎಂದಳು ಅನಸವ್ವ.

ಉಜ್ವಲಾ ಅಳುತ್ತ ತಲೆಯಾಡಿಸಿದಳು. “ಬಾಜೂ ಮನಿ ಪೂರ್ಣಿಮಾ ಕೊಟ್ಲು. ಅವ್ವ ಬಡೀತಾಳಂತ ಹೇಳಲಿಲ್ಲ.”

“ಮತ್ತ ಮಷೀನಿಂದು?” ಪ್ರತಿಮಾ ಕೇಳಿದಳು.

“ತಗೋಬೇಕಂತ ಬಾಗಲಾ ತಗದ್ನಿ. ಅಷ್ಟರಾಗ ನೀ ಬಂದಿ.”

ಹೊರಗೆ ದುರಗೇಶನ ಗಾಡಿ ಹಾರ್ನ್ ಹೊಡೆಯುತ್ತಲೇ ಇತ್ತು. ಒಳಗೆ ಮಷೀನು ಇನ್ನೊಂದಿಷ್ಟು ಐಸನ್ನು ದಡದಡ ಉದುರಿಸಿತು. ಪ್ರತಿಮಾ ಬೆಚ್ಚಿ ಮಗಳನ್ನು ಎಳೆದುಕೊಂಡಳು.

ಅನಸವ್ವ ಎರಡೂ ಎಳೆಗಳನ್ನು ಅಂಗಳದ ತಂತಿಗೆ ಹಾಕಿದಳು.

“ಇದರಾಗ ನಂದು ಯಾವ್ದವ್ವಾ?” ಉಜ್ವಲಾ ಕೇಳಿದಳು.

ಪ್ರತಿಮಾ ಬಿಳಿ ಎಳೆಯ ತುದಿ ಹಿಡಿದಳು. ಅದರಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ಒಂದೊಂದು ಹನಿಯನ್ನೂ ಅವಳು ಅಂಗೈಯಲ್ಲಿ ಹಿಡಿದು ಬಿಸಿಲಿಗೆ ಒಡ್ಡಿ ನೋಡುತ್ತಿದ್ದಳು.