ಮೂವತ್ತಮೂರು ಸೀಟಿನ ಬಸ್ಸು

"ನೂರ ಹದಿನೇಳು," ಎಂದು ಪಾದ್ರಿ ಎನೊಸಾ ಮೂರನೆಯ ಸಲ ಎಣಿಸಿ ಮುಗಿಸಿ, ಪೆನ್ಸಿಲನ್ನು ಕಿವಿಯ ಸಂದಿಗೆ ಸಿಕ್ಕಿಸಿಕೊಂಡರು. "ಫೆತು ಅಮ್ಮಾ, ಬಸ್ಸಲ್ಲಿರೋದು ಮೂವತ್ಮೂರೇ ಸೀಟು."

ಚರ್ಚಿನ ಜಗಲಿಯಲ್ಲಿ ಕೂತಿದ್ದ ಫೆತು ಬಟ್ಟಲಿನ ಬಿಸಿ ಕೋಕೋ ಊದಿದಳು. ಗಂಡ ಇಓಪು ಹೋಗಿ ಅಂದಿಗೆ ನಾಲ್ಕನೆಯ ದಿನ. ಅಳು ಒಂದು ಹದಕ್ಕೆ ಬಂದಿತ್ತು. ಎಪ್ಪತ್ತೊಂದು ವರ್ಷ ಬದುಕಿ, ಮಧ್ಯಾಹ್ನ ಎರಡು ಸಲ ಮೀನು ಹಾಕಿಸಿಕೊಂಡು ಉಂಡು, ಮಲಗಿದಲ್ಲೇ ಹೋಗಿದ್ದ. ಅಂಥ ಸಾವಿಗೆ ಯಾರ ಮೇಲೆ ಸಿಟ್ಟು ಮಾಡಿಕೊಳ್ಳುವುದು? ಒಳಗೆ ನೇಯ್ದ ಚಾಪೆಗಳ ಮೇಲೆ ಪೆಟ್ಟಿಗೆ ಇತ್ತು. ಹೊರಗೆ ಅವನ ಬಸ್ಸು ನಿಂತಿತ್ತು. ಈಗ ಅದನ್ನು ಓಡಿಸುವ ಮಗಳು ಮೊಆನ ಗಾಜು ಒರೆಸುತ್ತಿದ್ದಳು.

ಪಾದ್ರಿಗಳು ಸಮೋವಾದ ಇನ್ನೊಂದು ದ್ವೀಪವಾದ ಸವಾಯಿಯವರು, ಈ ಊರಿಗೆ ಬಂದು ಮೂರು ತಿಂಗಳಾಗಿತ್ತು. ಕಡಲ ದಂಡೆಯ ಚರ್ಚಿನಿಂದ ಗುಡ್ಡದ ಮೇಲಿನ ಮನೆಯಂಗಳದ ಗುಂಡಿಯವರೆಗೆ ಇಓಪುವನ್ನು ಅವನ ಬಸ್ಸಿನಲ್ಲೇ ಒಯ್ಯುವುದು, ಸುನಾಮಿಯ ದಿನ ಆ ಬಸ್ಸಿನಲ್ಲಿದ್ದು ಬದುಕಿದವರ ಹೆಸರು ಓದಿ ಅವರನ್ನೇ ಜೊತೆಗೆ ಕೂರಿಸುವುದು, ಇದೆಲ್ಲ ಅವರದೇ ಯೋಚನೆ. ಯೋಚನೆಯೇನೋ ಚೆನ್ನಾಗಿತ್ತು. ನಿನ್ನೆ ಪ್ರಾರ್ಥನೆಯಲ್ಲಿ ಹೇಳಿದರು. ಬೆಳಗಾಗುವಷ್ಟರಲ್ಲಿ ಊರಿಗೆ ಊರೇ ಹೆಸರು ಬರೆಸಿತ್ತು.

ಬರೆಸದೆ ಏನು ಮಾಡುತ್ತಾರೆ? ಹದಿನೈದು ವರ್ಷಗಳಿಂದ ಸಮೋವಾದಲ್ಲಿ ಇಬ್ಬರು ಸೇರಿದರೆ ಮೂರನೆಯ ಮಾತು ಅದೇ: ಆ ದಿನ ನೀನೆಲ್ಲಿದ್ದೆ? ಈ ಊರಿನವರ ಉತ್ತರವೂ ಒಂದೇ: ಇಓಪು ಬಸ್ಸಿನಲ್ಲಿ.

"ಇದ್ಯಾರ್ದು ನೋಡು," ಎಂದು ಫೆತುವಿನ ತಮ್ಮ, ಬಡಗಿ ಅಪೆಲು, ಪಟ್ಟಿಗೆ ಬಗ್ಗಿ ನಕ್ಕ. "ಸಾಲೇಲೆಯ ಮಗ. ನೀನು ಹುಟ್ಟಿದ್ದೇ ಆಮೇಲಲ್ವೇನೋ ಅಂದ್ರೆ, ಅಮ್ಮನ ಹೊಟ್ಟೇಲಿದ್ನಲ್ಲ ಮಾವ, ಅಂತಾನೆ. ಇಲ್ನೋಡು, ಇನ್ನೊಬ್ಬ. ಇವ್ನಂತೂ ಅವತ್ತು ಆಕ್ಲೆಂಡಲ್ಲಿದ್ದ, ಟೀವಿ ಮುಂದೆ! ಅಲ್ಲಿಂದ್ಲೇ ಹತ್ಬಿಟ್ನಾ?"

"ನಗೋ ವಿಷ್ಯ ಅಲ್ಲಪ್ಪ," ಎಂದರು ಪಾದ್ರಿಗಳು. "ದೇವರ ಪೀಠದಲ್ಲಿ ನಿಂತು ಸುಳ್ಳು ಓದೋಕಾಗತ್ತಾ? ಅಮ್ಮ, ನೀವು ಅವತ್ತು ಬಸ್ಸಲ್ಲಿದ್ರಿ. ಇಲ್ದೇ ಇದ್ದೋರ ಹೆಸರ ಮೇಲೆ ಒಂದೊಂದು ಗೆರೆ ಎಳ್ದುಕೊಡಿ, ಸಾಕು."

ಫೆತು ಪೆನ್ಸಿಲು ತೆಗೆದುಕೊಂಡಳು. ಅವಳಿಗೂ ಒಳಗೊಳಗೇ ಇಷ್ಟವಿತ್ತು. ಗಂಡನ ಬದುಕಿನಲ್ಲಿ ಹೇಳಿಕೊಳ್ಳುವಂಥದ್ದು ನಡೆದದ್ದು ಅದೊಂದೇ ಬೆಳಗ್ಗೆ. ಅದಾದರೂ ಕಲಬೆರಕೆಯಿಲ್ಲದೆ ಇರಲಿ ಎಂಬ ಆಸೆ. ಆಕ್ಲೆಂಡಿನವನ ಹೆಸರಿಗೆ ಬರುವ ಮೊದಲೇ ಪೆನ್ಸಿಲು ಇನ್ನೊಂದು ಹೆಸರಿನ ಮುಂದೆ ನಿಂತಿತು.

ಸೂಲು. ಮುಂದೆ ಅವಳೇ ಬರೆದಿದ್ದಳು: ಹಿಂದಿನ ಸೀಟು, ಕಿಟಕಿ ಪಕ್ಕ.

ಫೆತು ತಲೆಯೆತ್ತಿದಳು. ಎದುರಿನ ಹಲಸಿನಂಥ ಬ್ರೆಡ್‌ಫ್ರೂಟ್ ಮರದಡಿ ಸೂಲು ಹೂವಿನ ಹಾರ ಕಟ್ಟುತ್ತ ಕೂತಿದ್ದಳು. ಕೈ ನಿಂತಿತ್ತು. ಕಣ್ಣು ಫೆತುವಿನ ಕೈಯ ಕಾಗದದ ಮೇಲಿತ್ತು.

*

ಆ ವರ್ಷ, ಸುನಾಮಿಗೆ ಮೂರು ವಾರ ಮುಂಚೆ, ಬಲಗಡೆ ಓಡುತ್ತಿದ್ದ ಗಾಡಿಗಳೆಲ್ಲ ಇನ್ನು ಎಡಗಡೆ ಓಡಬೇಕೆಂದು ಸರ್ಕಾರ ಹೇಳಿತು. ಹೇಳುವುದೇನೋ ಸುಲಭ. ಇಓಪುವಿನ ಮರದ ಮೈಯ ಬಸ್ಸಿಗೆ ಇದ್ದದ್ದು ಬಲಕ್ಕೆ ಒಂದೇ ಬಾಗಿಲು. ಮುದುಕಿಯರು ನಡುರಸ್ತೆಯಲ್ಲಿ ಇಳಿದು, ಅತ್ತಿತ್ತ ನೋಡಿ, ಸರ್ಕಾರಕ್ಕೆ ಶಾಪ ಹಾಕುತ್ತಿದ್ದರು.

ಹಾಗಾಗಿ ಆ ಮಂಗಳವಾರ ಬೆಳಗ್ಗೆ ಬಸ್ಸು ಪೇಟೆಗೆ ಹೋಗಲಿಲ್ಲ. ಗುಡ್ಡದ ಮೇಲೆ ಅಪೆಲುವಿನ ಅಂಗಳದಲ್ಲಿ ನಿಂತು ಎಡಕ್ಕೊಂದು ಬಾಗಿಲು ಕೊಯ್ಯಿಸಿಕೊಳ್ಳುತ್ತಿತ್ತು. ಇನ್ನೂ ಏಳು ಗಂಟೆಯಾಗಿರಲಿಲ್ಲ. ನೆಲ ನಡುಗಿತು, ನಿಲ್ಲಲೇ ಇಲ್ಲ. ನಿಂತ ಮೇಲೆ ಕೆಳಗೆ ನೋಡಿದರೆ ಕಡಲು ಹಿಂದೆ ಸರಿದು ಹವಳದ ಬಂಡೆಗಳು ಬೆತ್ತಲಾಗಿದ್ದವು.

ಗರಗಸ ಸಿಕ್ಕಿಕೊಂಡಿದ್ದ ಹಾಗೆಯೇ ಇಓಪು ಬಸ್ಸು ಬಿಟ್ಟುಕೊಂಡು ಕೆಳಗಿಳಿದ. ಅರ್ಧ ಕೊಯ್ದ ಹಲಗೆಯನ್ನು ಅಪೆಲು ದಾರಿಯಲ್ಲೇ ಒದ್ದು ಕೆಡವಿದ. ಹಾರ್ನ್ ಬಿಡದೆ ಒತ್ತುತ್ತ ದಂಡೆಯ ಉದ್ದಕ್ಕೂ ಬಂದರು. ಜನ ಎರಡೂ ಕಡೆಯಿಂದ ನುಗ್ಗಿದರು. ಫೆತು ಮೂರನೆಯ ಸೀಟಿನಲ್ಲಿ ಬಿದ್ದಳು. ಅವಳ ತೊಡೆಯ ಮೇಲೆ ಮೊಆನ, ಅವಳ ಮೇಲೆ ಯಾರೋ, ಅವರ ಮೇಲೆ ಒಂದು ಕೂಸು. ಬಸ್ಸು ಗುಡ್ಡದ ತಿರುವಿಗೆ ಬರುವಾಗ ಹಿಂದೆ ಕೇಳಿದ ಸದ್ದನ್ನು ಅವರಲ್ಲಿ ಯಾರೂ ಇಂದಿಗೂ ಬಾಯಿಬಿಟ್ಟು ಹೇಳುವುದಿಲ್ಲ.

ಇಓಪು ಆ ದಿನದ ಬಗ್ಗೆ ಹೇಳುತ್ತಿದ್ದದ್ದು ಒಂದೇ ಸಂಗತಿ: "ಗಾಬರೀಲಿ ಹಳೇ ಅಭ್ಯಾಸಕ್ಕೆ ಪೂರ್ತಿ ಬಲಗಡೇನೇ ಓಡಿಸ್ಬಿಟ್ಟೆ ಕಣ್ರೋ. ಪೊಲೀಸ್ರು ಇನ್ನೂ ನನ್ನ ಹುಡುಕ್ತಿರ್ಬೇಕು."

*

ಎರಡು ವರ್ಷ ಕಳೆದ ಮೇಲೆ ಒಂದು ಮಧ್ಯಾಹ್ನ, ಚರ್ಚಿನ ಊಟದಲ್ಲಿ, ಬೇರೆ ಊರಿನ ಹೆಂಗಸೊಬ್ಬಳು ಎಲ್ಲರನ್ನೂ ಕೇಳಿದಂತೆ ಸೂಲುವನ್ನೂ, ಆ ದಿನ ನೀನೆಲ್ಲಿದ್ದೆ ಎಂದು ಕೇಳಿದಳು. ಸೂಲು ತಟ್ಟೆ ನೋಡುತ್ತ, "ನಾನೂ ಬಸ್ಸಲ್ಲೇ ಇದ್ದೆ, ಹಿಂದಿನ ಸೀಟು," ಎಂದಳು. ಫೆತು ಬಾಯಿ ತೆರೆಯುವಷ್ಟರಲ್ಲಿ ಇಓಪು, "ಹೌದು, ಕಿಟಕಿ ಪಕ್ಕ," ಎಂದ.

ಮನೆಗೆ ಬಂದವಳೇ ಫೆತು ಜಗಳ ತೆಗೆದಳು. "ಅವ್ಳೆಲ್ಲಿದ್ಳು ಬಸ್ಸಲ್ಲಿ? ಕಡಲ ದಂಡೆ ಮೇಲೆ ಮೊಮ್ಮಗನ್ನ ಹಿಡ್ಕೊಂಡು ತೆಂಗಿನಮರ ತಬ್ಬಿದ್ಳು. ಊರಿಗೆಲ್ಲ ಗೊತ್ತು."

"ಊರಿಗೆ ಗೊತ್ತು. ಆ ಹೆಂಗಸಿಗೆ ಗೊತ್ತಿಲ್ವಲ್ಲ," ಎಂದ ಇಓಪು, ಟೈರಿಗೆ ನೀರು ಹಾಕುತ್ತ. "ಬಸ್ಸಲ್ಲಿರ್ಲಿಲ್ಲ ಅಂದ್ರೆ, ಮತ್ತೆಲ್ಲಿದ್ದೆ ಅಂತಾರೆ. ಮರದ ಹತ್ರ ಇದ್ದೆ ಅಂದ್ರೆ, ಮಗು ಕೈ ಹೇಗೆ ಜಾರ್ತು ಅಂತಾರೆ. ದಿನಾ ಅದನ್ನ ಹೇಳೋಕಾಗತ್ತೇನೆ? ಬಸ್ಸಲ್ಲಿ ಒಂದು ಸೀಟು ಕೊಟ್ರೆ ನನ್ನ ಗಂಟೇನು ಹೋಗತ್ತೆ?"

ಇಂಥವನ ಜೊತೆ ಸಂಸಾರ ಮಾಡುತ್ತಿದ್ದೇನಲ್ಲ ಎಂದು ಫೆತುವಿಗೆ ಅವತ್ತು ಎದೆ ತುಂಬಿ ಬಂದಿತ್ತು. ಅದನ್ನು ಅವನಿಗೆ ಹೇಳದೆ, ಟೈರು ಸರಿಯಾಗಿ ತೊಳಿ ಎಂದು ಗದರಿಸಿ ಒಳಗೆ ಹೋಗಿದ್ದಳು.

*

"ಒಂದೂ ಗೆರೆ ಇಲ್ವಲ್ಲಮ್ಮ," ಎಂದರು ಪಾದ್ರಿಗಳು ಕಾಗದ ತಿರುಗಿಸಿ ನೋಡುತ್ತ.

"ನನ್ ತೊಡೆ ಮೇಲೆ ಮೂರು ಜನ ಕೂತಿದ್ರು ಪಾದ್ರಿಗಳೇ. ನಂಗೆ ಅವ್ರ ಬೆನ್ನು ಬಿಟ್ಟು ಇನ್ನೇನು ಕಂಡೀತು?"

"ಹಾಗಾದ್ರೆ ಹೆಸರು ಓದೋದು ಹೇಗೆ?"

"ಓದ್ಬೇಡಿ. ಬಸ್ಸಿಗೆ ಹತ್ಸಿ. ಹಿಡಿಸ್ದೋರೆಲ್ಲ ಅವತ್ತೂ ಇದ್ರು ಅಂತ್ಲೇ ಇಟ್ಕೊಳ್ಳಿ."

"ನೂರ ಹದಿನೇಳು ಜನ ಹಿಡಿಸ್ತಾರಾ?"

ಅಪೆಲು ಪಾದ್ರಿಗಳ ಮುಖ ನೋಡಿದ. "ಸವಾಯಿಲಿ ಬಸ್ಸು ಹತ್ತೇ ಇಲ್ವಾ ನೀವು?"

ಪ್ರಾರ್ಥನೆ ಮುಗಿಯಿತು. ಹಿಂದಿನ ಕಿಟಕಿ ಬಿಚ್ಚಿ ಪೆಟ್ಟಿಗೆಯನ್ನು ಒಳಗೆ ತಂದು ನಡುದಾರಿಯಲ್ಲಿ ಮಲಗಿಸಿದರು. ಆಮೇಲೆ ಎರಡೂ ಬಾಗಿಲಿನಿಂದ ಜನ ಹತ್ತಿದರು. ಮೊದಲು ಹಿರಿಯರು ಕೂತರು, ಹಿರಿಯರ ತೊಡೆಯ ಮೇಲೆ ಕಿರಿಯರು, ಅವರ ಮೇಲೆ ಮಕ್ಕಳು. ಯಾರೂ ಯಾರನ್ನೂ ಕೇಳಲಿಲ್ಲ. ತೊಡೆ ಖಾಲಿ ಕಂಡಲ್ಲಿ ಕೂತರು. ಸಾಲೇಲೆಯ ಮಗ ಅಮ್ಮನ ಮೇಲೆಯೇ ಕೂತ. "ಅವತ್ತು ಹಗುರ ಇದ್ದೆ ಕಣೋ," ಎಂದು ಅವಳು ನರಳಿದಾಗ ಬಸ್ಸೆಲ್ಲ ನಕ್ಕಿತು. ಆಕ್ಲೆಂಡಿನವನು ಮೆಟ್ಟಿಲಲ್ಲಿ ನೇತಾಡಿದ.

ಸೂಲು ಮಾತ್ರ ಹಾರ ಹಿಡಿದು ಎಡಬಾಗಿಲ ಕೆಳಗೇ ನಿಂತಿದ್ದಳು.

"ಹತ್ತೇ," ಎಂದಳು ಮೂರನೆಯ ಸೀಟಿನಿಂದ ಫೆತು.

"ನಂದು ಹಿಂದಿನ ಸೀಟು..."

"ಹಿಂದೆ ಕಾಲಿಡೋಕೆ ಜಾಗ ಇಲ್ಲ. ಇಲ್ ಬಾ." ಫೆತು ತನ್ನ ತೊಡೆ ತಟ್ಟಿದಳು.

ಸೂಲು ಹತ್ತಿದಳು. ಹಾರವನ್ನು ಪೆಟ್ಟಿಗೆಯ ಮೇಲಿಟ್ಟಳು. ಫೆತುವಿನ ತೊಡೆಯ ಮೇಲೆ ಅಂಜುತ್ತ ಕೂತಳು. ಮುದುಕಿ ಒಳ್ಳೆ ಭಾರವಿದ್ದಳು, ಫೆತುವಿನ ಮಂಡಿ ಕಳಕ್ ಎಂದಿತು.

"ಫೆತು, ನಾನು ಅವತ್ತು..."

"ಗೊತ್ತು ಕಣೆ. ಕೈ ಕೊಡು ಇಲ್ಲಿ. ಗಟ್ಟಿಯಾಗಿ ಹಿಡ್ಕೋ, ಮುಂದೆ ತಿರುವಿದೆ."

ಕೆಳಗೆ ಉಳಿದವರು ಪಾದ್ರಿಗಳೊಬ್ಬರೇ, ಕೈಯಲ್ಲಿ ಪಟ್ಟಿ. ಅಪೆಲು ಬಾಗಿಲ ಪಕ್ಕದ ಸೀಟಿನಿಂದ ತೊಡೆ ತಟ್ಟಿ, "ಬನ್ನಿ, ಮರ ಹೊತ್ತ ತೊಡೆ, ಮುರಿಯಲ್ಲ," ಎಂದ. ಪಾದ್ರಿಗಳು ಹಿಂದೆ ಮುಂದೆ ನೋಡಿದರು. ಕಾಗದವನ್ನು ಮಡಿಸಿ ಜೇಬಿಗಿಟ್ಟುಕೊಂಡು, ಬಿಳಿ ಅಂಗಿ ಎತ್ತಿ ಹಿಡಿದು, ಬಡಗಿಯ ತೊಡೆಯ ಮೇಲೆ ಕೂತರು.

ಮೊಆನ ಕನ್ನಡಿಯಲ್ಲಿ ಒಮ್ಮೆ ಎಲ್ಲರನ್ನೂ ನೋಡಿ ಬಸ್ಸು ಬಿಟ್ಟಳು. ಚರ್ಚಿನ ಗೇಟು ದಾಟಿದ್ದೇ, ಅಪ್ಪ ಅವತ್ತು ಹೋದ ಹಾಗೆ, ರಸ್ತೆಯ ಬಲಗಡೆಗೆ ತಿರುಗಿಸಿಕೊಂಡು ಗುಡ್ಡ ಹತ್ತಿಸಿದಳು. ಎಡಕ್ಕೆ ಹೋಗು ಎಂದು ಯಾರೂ ಹೇಳಲಿಲ್ಲ. ಎದುರಿಗೆ ಬರಲು ಊರಿನಲ್ಲಿ ಯಾರೂ ಉಳಿದಿರಲಿಲ್ಲ.