ಸಂರಕ್ಷಿತ ದರ್ಜಿ

ಊರ ನಡುವಿನ ಹಳೇ ಚೌಕದಲ್ಲಿ ಹದಿನೇಳನೇ ಶತಮಾನದ ಕಟ್ಟಡವೊಂದಿತ್ತು. ಉಂಡು ತೇಗಿ ನಿಂತ ಯಜಮಾನನ ಹೊಟ್ಟೆಯ ಹಾಗೆ ಅದರ ಮುಂಗೋಡೆ ಚೌಕದ ಕಡೆಗೆ ಉಬ್ಬಿತ್ತು. ಮಹಡಿಯಲ್ಲಿ ಒಬ್ಬ ದರ್ಜಿ ಹೆಂಡತಿಯೊಂದಿಗೆ ವಾಸವಾಗಿದ್ದ. ದೇವರು ಕೊಟ್ಟ ಬೆಳಕು ಧಾರಾಳವಾಗಿ ಬೀಳುತ್ತದೆಂದು ಹೊಲಿಗೆ ಯಂತ್ರವನ್ನು ಕಿಟಕಿಗೇ ತಾಗಿಸಿ ಇಟ್ಟುಕೊಂಡಿದ್ದ. ಎಡವಟ್ಟಾದದ್ದು ಅಲ್ಲೇ.

ಕಟ್ಟಡವನ್ನು ಸಂರಕ್ಷಿತವೆಂದು ಸಾರಿದ ದಿನ ಪುರಾತತ್ವ ಇಲಾಖೆಯವರು ಚೌಕದಲ್ಲಿ ನಿಂತು ಫೋಟೊ ತೆಗೆದರು. ಫೋಟೊದಲ್ಲಿ ಕಂಡದ್ದೆಲ್ಲ ಕಂಡ ಹಾಗೆಯೇ ಇರಬೇಕು ಎಂಬುದು ಅವರ ಕಟ್ಟಳೆ. ಅದರಲ್ಲಿ ಕಂಬಗಳಿದ್ದವು, ಕೆತ್ತನೆಯ ಸೂರಿತ್ತು. ಮಹಡಿಯ ಕಿಟಕಿಯಲ್ಲಿ, ಕೊರಳಿಗೆ ಅಳತೆಪಟ್ಟಿ ಹಾಕಿಕೊಂಡು ಆಕಳಿಸುತ್ತಿರುವ ದರ್ಜಿಯೂ ಇದ್ದ.

ಅಂದಿನಿಂದ ಅವನು ಹಗಲೆಲ್ಲ ಕಿಟಕಿ ಬಿಟ್ಟು ಕದಲುವಂತಿರಲಿಲ್ಲ. ನೋಡುವವರು ಬಂದರೆ ಬಾಯಿ ತೆರೆಯಬೇಕು.

"ಫೋಟೊ ತೆಗೆಯೋ ಹೊತ್ತಿಗೇ ಆಕಳಿಸಬೇಕಿತ್ತಾ? ಒಂಚೂರು ನಕ್ಕಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?" ಎಂದು ಹೆಂಡತಿ ದಿನಾ ಮೂದಲಿಸುವಳು.

"ದಿನಾ ನಗಬೇಕಾಗಿ ಬಂದಿದ್ರೆ ಜನ ನನ್ನನ್ನ ಹುಚ್ಚ ಅಂತಿದ್ರು ಕಣೇ."

ಎಲ್ಲವನ್ನೂ ಭಗವಂತನ ಚಿತ್ತವೆಂದು ಅವನು ನುಂಗಿಕೊಂಡಿದ್ದ. ಅಷ್ಟರಲ್ಲಿ ಹೊಳೆಯಾಚೆಯ ಊರಿನಿಂದ ಸುದ್ದಿ ಬಂತು. ಅವನನ್ನು ಎತ್ತಿ ಆಡಿಸಿ ಬೆಳೆಸಿದ ಅಕ್ಕ ಹಾಸಿಗೆ ಹಿಡಿದಿದ್ದಾಳೆ, ಊಟ ಸೇರುತ್ತಿಲ್ಲ, ತಮ್ಮನ ಮುಖ ನೋಡಬೇಕು ಅನ್ನುತ್ತಿದ್ದಾಳೆ.

ದರ್ಜಿ ಕಿಟಕಿಯಿಂದಲೇ ಕೈಮುಗಿದು, ಚೌಕದಲ್ಲಿ ನಿಂತಿದ್ದ ಇಲಾಖೆಯ ಅಧಿಕಾರಿಯನ್ನು ಕರೆದ. "ಸ್ವಾಮೀ, ಅಕ್ಕನಿಗೆ ಹುಷಾರಿಲ್ಲ. ರಜೆ ಕೊಡಿ."

"ಕಟ್ಟಡಕ್ಕೆ ರಜೆ ಅಂತ ಎಲ್ಲಾದ್ರೂ ಇದೆಯೇನಪ್ಪಾ? ಇವತ್ತು ನೀನು ಕೇಳ್ತೀಯ, ನಾಳೆ ಕಂಬ ಕೇಳುತ್ತೆ."

ಅಧಿಕಾರಿ ಕೆಟ್ಟವನಲ್ಲ. ಗಲ್ಲ ಕೆರೆದುಕೊಂಡು ಬಹಳ ಹೊತ್ತು ಯೋಚಿಸಿದ. "ಒಂದು ದಾರಿ ಇದೆ. ಕೆಟ್ಟಿರೋ ಭಾಗವನ್ನ ಬಿಚ್ಚಿ ರಿಪೇರಿಗೆ ಹೊರಗೆ ಕಳಿಸಬಹುದು. ನಿನ್ನಲ್ಲಿ ಏನಾದ್ರೂ ಕೆಟ್ಟಿದೆಯಾ?"

"ಏನು ಕೆಟ್ಟಿಲ್ಲ ಅಂತ ಕೇಳಿ ಸ್ವಾಮೀ!" ಎಂದು ಹೆಂಡತಿ ಒಳಗಿನಿಂದ ಕೂಗಿದಳು.

ಮರುದಿನ ಬೆಳಿಗ್ಗೆ ಇಬ್ಬರು ಕೆಲಸಗಾರರು ಬಂದರು. ಕೆತ್ತನೆಯ ಮರಕ್ಕೆ ಮಾಡುವ ಹಾಗೆಯೇ ದರ್ಜಿಯ ಸುತ್ತ ಹುಲ್ಲು ತುಂಬಿ, ಗೋಣಿ ಸುತ್ತಿ, ಮೂಗಿಗಷ್ಟು ಜಾಗ ಬಿಟ್ಟು ಹಗ್ಗ ಬಿಗಿದರು. "ನಿಧಾನ, ಮೂಲೆ ಒಡೆದೀತು!" ಎಂದು ಅಧಿಕಾರಿ ಗದರಿದ. ಗಾಡಿ ಹೊಳೆ ದಾಟಿತು. ಅಕ್ಕನ ಜೀವ ಒಂದನ್ನು ಉಳಿಸಿಕೊಡಪ್ಪಾ ಎಂದು ದರ್ಜಿ ಗೋಣಿಯೊಳಗೇ ದಾರಿಯುದ್ದಕ್ಕೂ ಬೇಡಿಕೊಂಡ.

ಅಕ್ಕನ ಮನೆಯಲ್ಲಿ ಗೋಣಿ ಬಿಚ್ಚಿದರು. ತಲೆತುಂಬ ಹುಲ್ಲು ಸಿಕ್ಕಿಸಿಕೊಂಡು ಎದ್ದು ನಿಂತ ತಮ್ಮನನ್ನು ಮುದುಕಿ ಮಿಕಿಮಿಕಿ ನೋಡಿದಳು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಕ್ಕು ಸುಸ್ತಾಗಿ, ಕುಡಿಯಲು ಬಿಸಿ ಹಾಲು ಕೇಳಿದಳು.

"ಇದನ್ನ ಎಲ್ಲಿ ಇಡೋಣಮ್ಮಾ?" ಎಂದರು ಕೆಲಸಗಾರರು.

"ನನ್ನ ಮಂಚದ ಪಕ್ಕ ಇಡ್ರಪ್ಪಾ."

"ರಿಪೇರಿ ಮುಗಿದ ಕೂಡಲೇ ವಾಪಸ್ ಒಯ್ಯಬೇಕು. ಎಷ್ಟೊತ್ತಾದೀತು?"

ಅಕ್ಕ ತಮ್ಮನ ತಲೆಯನ್ನು ಹತ್ತಿರಕ್ಕೆಳೆದುಕೊಂಡು ಒಂದೊಂದೇ ಹುಲ್ಲುಕಡ್ಡಿ ತೆಗೆಯತೊಡಗಿದಳು. "ಚಿಕ್ಕಂದಿನಿಂದ ನೋಡ್ತಿದ್ದೀನಿ, ಇವನು ಅಷ್ಟು ಸುಲಭಕ್ಕೆ ರಿಪೇರಿಯಾಗೋ ಆಸಾಮಿ ಅಲ್ಲ. ನೀವು ಊಟ ಮಾಡ್ಕೊಂಡು ಹೊರಡಿ."