ಹೆಗಲು ತಟ್ಟುವವರಿಲ್ಲ

ನಾನೊಂದು ಜಲಾಂತರ್ಗಾಮಿ. ಹೆಸರೇನೋ ದೊಡ್ಡದು, ಬಾಳೆಲ್ಲ ಇಕ್ಕಟ್ಟು. ಉಕ್ಕಿನ ಹಾಳೆ ಬೆಸೆದು ನನ್ನನ್ನು ಹುಟ್ಟಿಸಿದವರು ತೆಂಗಿನಕಾಯಿ ಒಡೆದು ಸಮುದ್ರಕ್ಕೆ ದೂಡಿದರು.

ನನ್ನ ಹೊಟ್ಟೆಯೊಳಗೆ ಡೀಸೆಲ್ ವಾಸನೆ, ಬೆವರು, ಗಂಡಸರ ಗದ್ದಲ. ಅವರಲ್ಲಿ ಅಂಕೋಲೆ ಕಡೆಯ ದೇವಿದಾಸ ನಾಯ್ಕನೆಂಬ ಎಂಜಿನ್ ಕೆಲಸದವ ಒಬ್ಬನಿದ್ದ. ಅಬ್ಬಾ, ಅವನ ಬಾಯಿಯೇ! ಹೆಂಡತಿ ನಾಗವೇಣಿಯ ಮೀನುಸಾರಿನ ಸುದ್ದಿ ತೆಗೆದನೆಂದರೆ ಉಳಿದವರು ಕಿವಿ ಮುಚ್ಚಿಕೊಳ್ಳಬೇಕು. ನನಗಂತೂ ಅವನ ಮಾತೆಂದರೆ ಬಲು ಇಷ್ಟ.

ವಯಸ್ಸಾಯಿತು. ನನ್ನನ್ನು ದಡಕ್ಕೆಳೆದು, ತಂತಿಗಳನ್ನೆಲ್ಲ ಕತ್ತರಿಸಿ, ಬಣ್ಣ ಬಳಿದು ಮ್ಯೂಸಿಯಂ ಮಾಡಿದರು. ಈಗ ಬಂದವರೆಲ್ಲ ನನ್ನ ಮೈಮೇಲೆ ಹೆಸರು ಗೀಚುತ್ತಾರೆ. ಥೂ, ಇದೂ ಒಂದು ಬದುಕೇ!

ಹೋದ ವರ್ಷ ದೇವಿದಾಸ ಬಂದ. ತಲೆಯೆಲ್ಲ ಬೆಳ್ಳಗಾಗಿತ್ತು. ಮರೆವಿನ ಕಾಯಿಲೆ, ಕಟ್ಟಿಕೊಂಡ ಹೆಂಡತಿಯ ಗುರುತೂ ಇಲ್ಲ. ಹಳೇ ಜಾಗ ಕಂಡರೆ ನೆನಪಾದೀತೆಂದು ನಾಗವೇಣಿ ಕೈಹಿಡಿದು ಕರೆತಂದಿದ್ದಳು.

ಒಳಗೆ ಕಾಲಿಟ್ಟವನು ನನ್ನ ಕೊಳವೆಯೊಂದನ್ನು ಸವರಿದ. ಗುಂಡನೆಯ ಕಿರುಬಾಗಿಲ ಬಳಿ ಥಟ್ಟನೆ ತಿರುಗಿ, “ನಾಗವೇಣಿ, ತಲೆ ಬಗ್ಸು, ತಾಗ್ತದೆ” ಎಂದ.

“ಅಯ್ಯೋ ದೇವರೇ, ನನ್ ಹೆಸರು ಹೇಳಿದ್ರು!” ಅವಳಿಗೆ ಅಳುವೋ ನಗುವೋ ತಿಳಿಯಲಿಲ್ಲ. ನನಗೂ ಎದೆ ತುಂಬಿ ಬಂತು.

ಅಷ್ಟರಲ್ಲಿ ಗೈಡು, ನೋಡುಗರಿಗೆ ಮಜಾ ಸಿಗಲೆಂದು, ಹೊಸದಾಗಿ ಕೂರಿಸಿದ್ದ ಕೆಂಪು ದೀಪ ಹಾಕಿದ.

ನಾವು ಕಡಲಲ್ಲಿದ್ದಾಗ ಕೆಂಪು ದೀಪವೆಂದರೆ ಶತ್ರುವಿನ ಹಡಗು ನೆತ್ತಿಯ ಮೇಲಿದೆ ಎಂದರ್ಥ. ಸಣ್ಣ ಸದ್ದಾದರೂ ಎಲ್ಲರ ಕಥೆ ಮುಗಿಯಿತು. ಕ್ಯಾಪ್ಟನ್ ತಾನೇ ಬಂದು ಒಬ್ಬೊಬ್ಬರ ಹೆಗಲು ತಟ್ಟುವ ತನಕ ಯಾರೂ ತುಟಿ ಬಿಚ್ಚುವಂತಿಲ್ಲ. ಅದು ನಮ್ಮೊಳಗಿನ ಕಟ್ಟಳೆ. ಮನೆಯಲ್ಲೂ ಹೇಳುವ ಹಾಗಿರಲಿಲ್ಲ.

ದೇವಿದಾಸ ಮೆಲ್ಲಗೆ ಚಪ್ಪಲಿ ಕಳಚಿ ನೆಲಕ್ಕೆ ಕೂತ. ಹೆಂಡತಿಯ ಬಾಯಿಗೆ ಅಂಗೈ ಅಡ್ಡ ಹಿಡಿದ. ಅವಳು ಆ ಕೈ ಸರಿಸಿದಳು.

“ಹೋಯ್, ಎಂತಾಯ್ತು ನಿಮ್ಗೆ? ಈಗಷ್ಟೇ ಮಾತಾಡಿದ್ರಲ್ಲ! ಇನ್ನೊಂದ್ಸಲ ಕರೀರಾ!”

ಅವನು ತುಟಿ ಬಿಗಿದೇ ಇದ್ದ. ಗೈಡು ದೀಪ ಆರಿಸಿದ, ನೀರು ಕೊಟ್ಟ, ಕ್ಷಮೆ ಕೇಳಿದ. ಏನು ಫಲ? ನಮ್ಮ ಕ್ಯಾಪ್ಟನ್ ತೀರಿಹೋಗಿ ಎಷ್ಟೋ ವರ್ಷಗಳಾಗಿದ್ದವು. ಕೊನೆಗೆ ದೇವಿದಾಸನನ್ನು ಎತ್ತಿಕೊಂಡೇ ಹೊರಗೊಯ್ದರು.

ಮಳೆಗಾಲ ಕಳೆದ ಮೇಲೆ ನಾಗವೇಣಿ ಒಬ್ಬಳೇ ಬಂದಳು. ಅವನು ಕೂತಿದ್ದ ಜಾಗದಲ್ಲಿ ಕೂತು, “ಉಸಿರು ಹೋಗೋವರೆಗೂ ಒಂದು ಮಾತಾಡ್ಲಿಲ್ಲ” ಎಂದು ಗೈಡಿಗೆ ಹೇಳಿದಳು. “ಇಲ್ಲಿಗೆ ಕರ್ಕೊಂಡು ಬಂದಿದ್ದಕ್ಕೆ ನನ್ ಮೇಲೆ ಸಿಟ್ಟು ಮಾಡ್ಕೊಂಡ್ರಾ ಏನೋ.”

ಸಿಟ್ಟಲ್ಲ ತಾಯೀ! ನಿನ್ನನ್ನು ಉಳಿಸಬೇಕೆಂದು ಸುಮ್ಮನಿದ್ದ. ಇದು ಗೊತ್ತಿರುವುದು ನನಗೆ ಮಾತ್ರ, ನನಗೋ ಬಾಯಿಲ್ಲ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಮೆಟ್ಟಿಲಿಳಿದು ಹೋದಳು.